ಸಹಾಯ ಬೇಕು: ಇಲಿಯ ಸಿಡಿ4 ಟಿ ಕೋಶ ಸತ್ತಿವೆಯಾ, ಮರೆಯಾಗಿವೆಯಾ?

ಎಲ್ಲರಿಗೂ ನಮಸ್ಕಾರ. ಇಮ್ಯುನಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಓದಿ.

ಬ್ಲ್ಯಾಕ್ 6 ಎಂಬ ಲ್ಯಾಬ್ ತಳಿಯ ಇಲಿಗಳಲ್ಲಿ ಸಿಡಿ4 ಟಿ ಕೋಶ (ಮೈಮೇಲೆ ಸಿಡಿ4 ಪ್ರೋಟೀನ್ ಇರುವ ರೋಗನಿರೋಧಕ ಕೋಶ) ತೆಗೆಯಲು, ಸಿಡಿ4ಗೆ ಅಂಟುವ ಜಿಕೆ1.5 ಆಂಟಿಬಾಡಿ ಕೊಟ್ಟೆ. ಸಲಕ್ಕೆ 200 ಮೈಕ್ರೋಗ್ರಾಂ, ಹೊಟ್ಟೆಯೊಳಗೆ, ಮೂರು ದಿನದ ಅಂತರದಲ್ಲಿ ಎರಡು ಸಲ. ಆಮೇಲೆ ರಕ್ತ ತೆಗೆದು, ಆರ್‌ಎಂ4-5 ಎಂಬ, ಸಿಡಿ4 ಗುರುತಿಸುವ ಬಣ್ಣದ ಆಂಟಿಬಾಡಿ ಹಾಕಿ ಫ್ಲೋನಲ್ಲಿ (ಕೋಶಗಳನ್ನು ಬಣ್ಣದಿಂದ ಗುರುತಿಸಿ ಎಣಿಸುವ ಯಂತ್ರ) ನೋಡಿದೆ. ಸಿಡಿ4 ಕಾಣಲೇ ಇಲ್ಲ. ತುಂಬಾ ಖುಷಿಯಾಯಿತು.

ಸೀನಿಯರ್ ಒಬ್ಬರು ಹೇಳಿದ ಮೇಲೆ ತಪ್ಪು ಗೊತ್ತಾಯಿತು. ಆರ್‌ಎಂ4-5 ಅಂಟಬೇಕಾದ ಜಾಗವನ್ನು ಜಿಕೆ1.5 ಮೊದಲೇ ಮುಚ್ಚಿರುತ್ತದೆ. ಕೋಶ ಬದುಕಿದ್ದರೂ ಕಾಣುವುದಿಲ್ಲ, ಅಲ್ವಾ? ಸಿಡಿ3 (ಟಿ ಕೋಶಗಳ ಗುರುತು) ಇದ್ದು ಸಿಡಿ8 (ಇನ್ನೊಂದು ಬಗೆಯ ಟಿ ಕೋಶದ ಗುರುತು) ಇಲ್ಲದ ಕೋಶಗಳು, ಅಂದರೆ ಸಿಡಿ4 ಕೋಶಗಳೇ ಆಗಿರಬಹುದಾದವು, ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇವೆ. ಅದೇ ಚಿಂತೆ.

ಸಿಡಿ4ನಲ್ಲೇ ಬೇರೆ ಜಾಗಕ್ಕೆ ಅಂಟುವ ಆಂಟಿಬಾಡಿ ಆರ್‌ಎಂ4-4 ನಮ್ಮಲ್ಲಿಲ್ಲ. ಬೆಂಗಳೂರಿನಲ್ಲಿ ಯಾರ ಹತ್ತಿರವಾದರೂ ಹತ್ತು ಟೆಸ್ಟಿಗೆ ಆಗುವಷ್ಟು ಸಿಗಬಹುದಾ? ನಾನೇ ಬಂದು ಐಸ್ ಡಬ್ಬಿಯಲ್ಲಿ ತೆಗೆದುಕೊಂಡು ಹೋಗುತ್ತೇನೆ.

ಇನ್ನೊಂದು ದಾರಿ ಯೋಚಿಸಿದ್ದೇನೆ. ಜಿಕೆ1.5 ರ‍್ಯಾಟ್ ಐಜಿಜಿ2ಬಿ. ಅಂದರೆ ರ‍್ಯಾಟ್ (ದೊಡ್ಡ ಇಲಿ ಜಾತಿ) ಮೂಲದ ಒಂದು ಬಗೆಯ ಆಂಟಿಬಾಡಿ. ಹಾಗಾಗಿ ಮೊದಲು ಅದನ್ನು ಗುರುತಿಸುವ ಆಂಟಿ-ರ‍್ಯಾಟ್ ಐಜಿಜಿ2ಬಿ ಹಾಕಿ, ರ‍್ಯಾಟ್ ಸೀರಂನಿಂದ ಅದರ ಖಾಲಿ ಜಾಗ ಬ್ಲಾಕ್ ಮಾಡಿ, ಆಮೇಲೆ ಉಳಿದ ಬಣ್ಣದ ಆಂಟಿಬಾಡಿಗಳು. ಹೀಗೆ ಮಾಡಿದವರು ಇದ್ದೀರಾ? ರಕ್ತ ಸಾಕಾ, ಲಿಂಫ್ ನೋಡ್ ಕೂಡ ನೋಡಲೇಬೇಕಾ? ಈ ಇಲಿಗಳ ಜೀವ ಸುಮ್ನೆ ಹಾಳಾಗಬಾರದು. ಮುಂದಿನ ಬ್ಯಾಚ್ ಸೋಮವಾರ.