ವಿಡಿಯೋ ಸಂಕಲನಕ್ಕೆ ಹಾರ್ಡ್ ಡಿಸ್ಕ್ ಜೋಡಣೆ: ಡೇಟಾ ರಿಕವರಿ ತಂತ್ರಜ್ಞರೊಂದಿಗೆ ಪ್ರಶ್ನೋತ್ತರ

ಹೊಸ ಸದಸ್ಯೆ: ನಮಸ್ಕಾರ ಸರ್. 4ಕೆ ವಿಡಿಯೋ ಎಡಿಟ್ ಮಾಡಲು ಚಿಪ್‌ಗಳಲ್ಲಿ ಡೇಟಾ ಇಡುವ, ವೇಗದ ಎಸ್‌ಎಸ್‌ಡಿಯೇ ಬೇಕೇ, ಹಾರ್ಡ್ ಡಿಸ್ಕ್ ಸಾಲದೇ?

ತಂತ್ರಜ್ಞ: ನಮಸ್ಕಾರ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಚಿತ್ರೀಕರಿಸಿದ ಫೈಲ್ ಓದಲು ಸೆಕೆಂಡಿಗೆ 12.5 ಮೆಗಾಬೈಟ್ ವೇಗ ಸಾಕು. ಹಾರ್ಡ್ ಡಿಸ್ಕ್‌ಗೆ ಅದು ಹೊರೆಯಲ್ಲ. ಆದರೆ ನಾಲ್ಕು ಕ್ಯಾಮೆರಾಗಳ ದೃಶ್ಯಗಳನ್ನು ಒಂದೇ ಟೈಮ್‌ಲೈನಿನಲ್ಲಿಟ್ಟರೆ ಡಿಸ್ಕಿನ ಡೇಟಾ ಓದುವ ಭಾಗವಾದ ಹೆಡ್ ಫೈಲಿನಿಂದ ಫೈಲಿಗೆ ಓಡಾಡಬೇಕಾಗುವುದರಿಂದ ದೃಶ್ಯ ತಡವರಿಸುತ್ತದೆ. ನಡೆಯುತ್ತಿರುವ ಕೆಲಸ ಎಸ್‌ಎಸ್‌ಡಿಯಲ್ಲಿರಲಿ. ಮೂಲ ದೃಶ್ಯಗಳು ಮೊದಲ ದಿನದಿಂದಲೇ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿರಲಿ.

ಸದಸ್ಯ: ವೇಗಕ್ಕಾಗಿ ಎರಡು ಡಿಸ್ಕ್‌ಗಳನ್ನು ರೇಡ್ 0 (ಪ್ರತಿ ಫೈಲನ್ನೂ ತುಂಡು ಮಾಡಿ ಎರಡರಲ್ಲೂ ಹಂಚಿಡುವ ಜೋಡಣೆ) ಮಾಡಬಹುದೇ?

ತಂತ್ರಜ್ಞ: ಮಾಡಬಹುದು. ಒಂದು ಕೆಟ್ಟರೆ ಎರಡರಲ್ಲಿದ್ದದ್ದೂ ಹೋಗುತ್ತದೆ.

ಇನ್ನೊಬ್ಬ ಸದಸ್ಯ: ಯಾವ ಕಂಪನಿಯ ಡಿಸ್ಕ್ ಒಳ್ಳೆಯದು ಸರ್?

ಸಾಕ್ಷ್ಯಚಿತ್ರ ಸಂಕಲನಕಾರ: ಸರ್, ತುರ್ತಾಗಿ ಕೇಳುತ್ತಿದ್ದೇನೆ. ನಾಲ್ಕು ಡಿಸ್ಕ್‌ಗಳ ರೇಡ್ 5 ಪೆಟ್ಟಿಗೆಯಲ್ಲಿ ಒಂದರ ದೀಪ ಕೆಂಪಾಗಿತ್ತು. ಹೊಸದನ್ನು ಹಾಕಿ ಕೆಟ್ಟದ್ದರ ಡೇಟಾವನ್ನು ಅದಕ್ಕೆ ಮರಳಿ ತುಂಬುವ ರೀಬಿಲ್ಡ್ ಆರಂಭಿಸಿದೆ. ಈಗ ಇನ್ನೊಂದು ಡಿಸ್ಕ್ ಟಿಕ್ ಟಿಕ್ ಎನ್ನುತ್ತಿದೆ. ಮೂಲ ದೃಶ್ಯಗಳು ಬೇರೆಲ್ಲೂ ಇಲ್ಲ.

ತಂತ್ರಜ್ಞ: ಮುಂದೆ ಓದುವ ಮೊದಲು ರೀಬಿಲ್ಡ್ ನಿಲ್ಲಿಸಿ, ಪೆಟ್ಟಿಗೆಯನ್ನು ಆಫ್ ಮಾಡಿ. ರೇಡ್ 5 ತಾಳಿಕೊಳ್ಳುವುದು ಒಂದೇ ಡಿಸ್ಕಿನ ನಷ್ಟವನ್ನು. ಹೊಸ ಡಿಸ್ಕನ್ನು ತುಂಬಿಸಲು ಉಳಿದ ಮೂರನ್ನೂ ಮೊದಲಿನಿಂದ ಕೊನೆಯವರೆಗೆ ಓದಲೇಬೇಕು. ಬಳಲಿದ ಡಿಸ್ಕ್ ಕೈಕೊಡುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ಟಿಕ್ ಟಿಕ್ ಸದ್ದು ಬಂದರೆ ಹೆಡ್ ತನ್ನ ಜಾಗ ಹುಡುಕಲಾರದೆ ಮತ್ತೆ ಮತ್ತೆ ಹಿಂದಿರುಗುತ್ತಿದೆ ಎಂದು ಭಾವಿಸಿ. ಅದು ಡೇಟಾ ಇರುವ ತಟ್ಟೆಯ ಮೇಲ್ಮೈಯನ್ನು ಕೆರೆದರೆ ಅಲ್ಲಿದ್ದ ದೃಶ್ಯವನ್ನು ಯಾರೂ ಮರಳಿ ತರಲಾರರು. ಪ್ರತಿ ಡಿಸ್ಕಿನ ಮೇಲೂ ಟೇಪ್ ಅಂಟಿಸಿ, ಅದು ಯಾವ ಸ್ಲಾಟಿನಲ್ಲಿತ್ತೆಂದು ಬರೆಯಿರಿ. ಕೆಂಪು ದೀಪ ತೋರಿಸಿದ್ದ ಡಿಸ್ಕನ್ನು ಎಸೆಯಬೇಡಿ, ಅದರಲ್ಲಿ ಓದಬಹುದಾದ ಭಾಗ ಇನ್ನೂ ಇರಬಹುದು. ಕಂಪ್ಯೂಟರ್ ಇನಿಷಿಯಲೈಸ್ (ಡಿಸ್ಕನ್ನು ಹೊಸದರಂತೆ ಸಿದ್ಧಗೊಳಿಸುವುದು) ಮಾಡಲೇ ಎಂದು ಕೇಳಿದರೆ ಒಪ್ಪಬೇಡಿ. ರಿಕವರಿ ಲ್ಯಾಬಿನಲ್ಲಿ ಪ್ರತಿ ಡಿಸ್ಕಿನ ಪೂರ್ಣ ಪ್ರತಿ ತೆಗೆದು, ಆ ಪ್ರತಿಗಳಿಂದಲೇ ರೇಡ್ ಅನ್ನು ಮರುಜೋಡಿಸಬೇಕು.

ಹಿರಿಯ ಸದಸ್ಯ: ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಸಂದೇಶ ಬಂದಿದೆ, ಹಂಚಿಕೊಳ್ಳುತ್ತಿದ್ದೇನೆ.

ತಂತ್ರಜ್ಞ: ದಯವಿಟ್ಟು ಅಳಿಸಿ. ಹೊರತೆಗೆದಾಗ ತಟ್ಟೆಯ ಮೇಲೆ ತೇವ ಕೂರುತ್ತದೆ. ಇಂತಹ ಸಂದೇಶ ನಂಬಿದವರ ಡಿಸ್ಕ್‌ಗಳು ಕೊನೆಗೆ ನಮ್ಮ ಮೇಜಿಗೆ ಬರುತ್ತವೆ, ಆಗ ಉಳಿದಿರುವುದು ಕಡಿಮೆ.

ಹಿರಿಯ ಸದಸ್ಯ: ನನ್ನ ಪರಿಚಿತರೊಬ್ಬರಿಗೆ ಫಲ ಸಿಕ್ಕಿದೆ.

ಸದಸ್ಯ: ಸಾಕು ಬಿಡಿ. ಒಂದೇ ಡೇಟಾ ಎರಡು ಡಿಸ್ಕ್‌ಗಳಲ್ಲೂ ಇರುವ ರೇಡ್ 1 ಇದ್ದರೆ ಬ್ಯಾಕಪ್ ಬೇಕಾಗುವುದೇ ಇಲ್ಲ.

ಹೊಸ ಸದಸ್ಯೆ: ಅದು ತಪ್ಪು. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಯುತ್ತದಲ್ಲವೇ?

ಸದಸ್ಯ: ಅಳಿಸದೆ ಇರಲು ಕಲಿಯಬೇಕು. ಎಲ್ಲರಿಗೂ ಪಾಠ ಹೇಳುವುದು ಬೇಡ.

ತಂತ್ರಜ್ಞ: ಅವರು ಹೇಳಿದ್ದು ಸರಿ. ರೇಡ್ ಬ್ಯಾಕಪ್ ಅಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಸ್ಥಳದಲ್ಲಿ.

ಮತ್ತೊಬ್ಬ ಸದಸ್ಯ: ಹಾಗಾದರೆ ರೇಡ್ 0 ಸುರಕ್ಷಿತವೇ?

ತಂತ್ರಜ್ಞ: ಮೇಲೆ ಉತ್ತರಿಸಿದ್ದೇನೆ.

ಸಾಕ್ಷ್ಯಚಿತ್ರ ಸಂಕಲನಕಾರ: ಆಫ್ ಮಾಡಿದೆ. ಎಷ್ಟು ಓದಿಸಬಹುದೋ ನೋಡಲು ಒಮ್ಮೆ ಮಾತ್ರ ಆನ್ ಮಾಡಲೇ?

ತಂತ್ರಜ್ಞ: ಬೇಡ. ಒಮ್ಮೆಯೂ ಬೇಡ.