ಅಪ್‌ಡೇಟ್: ಹಾರರ್ ಗೇಮ್‌ನ ಕವರ್ ಬದಲಾಯಿಸಿದೆ

ಸ್ಟೀಮ್‌ನಲ್ಲಿ (ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ) ನನ್ನ ಹಾರರ್ ಗೇಮ್‌ನ ಕವರ್ ಚಿತ್ರ ಯಾರ ಕಣ್ಣಿಗೂ ಬೀಳುತ್ತಿಲ್ಲ, ಎಂತ ಮಾಡುವುದು ಅಂತ ಕೇಳಿದ್ದೆ ಅಲ್ವಾ, ಸಣ್ಣದು ಮಾಡಿ ನೋಡಿ ಅಂದವರಿಗೆ ಥ್ಯಾಂಕ್ಸ್. 231 × 87 ಪಿಕ್ಸೆಲ್‌ಗೆ ಇಳಿಸಿ ಅಕ್ಕನಿಗೆ ಮೊಬೈಲಲ್ಲಿ ತೋರಿಸಿದೆ. "ಇದೆಂತ ಮಾರಾಯ, ಇದ್ದಿಲಾ?" ಅಂದಳು. ಉಡುಪಿ ಕಡೆಯ ಹಳೇ ಗುತ್ತಿನ ಮನೆ (ದೊಡ್ಡ ಮನೆತನದ ಮನೆ), ತೆಂಗಿನ ತೋಟ, ಬಾವಿ, ಹೆಂಗಸಿನ ನೆರಳು ಎಲ್ಲ ತುರುಕಿದ್ದೆ, ಒಂದೂ ಕಾಣಲಿಲ್ಲ. ಈಗ ಬಾವಿಯ ರಾಟೆ, ಹಗ್ಗ ಹಿಡಿದ ಒಂದು ಒದ್ದೆ ಕೈ, ಹಿಂದೆ ಮಳೆಗಾಲದ ಪಾಚಿ ಹಸಿರು, ಅಷ್ಟೇ. ರಕ್ತ ಸೋರುವ ಅಕ್ಷರದ ಬದಲು ದಪ್ಪ ಬಿಳಿ ಅಕ್ಷರ (ರಕ್ತದ ಅಕ್ಷರ ಬಿಡಲಿಕ್ಕೆ ಮಾತ್ರ ಬೇಜಾರಾಯಿತು). ಕವರ್ ಮೇಲಿದ್ದ 'ಶೀಘ್ರದಲ್ಲೇ' ಅನ್ನುವ ಪಟ್ಟಿಯನ್ನೂ ಕಿತ್ತೆ, ಯಾಕಂದ್ರೆ ಸ್ಟೀಮ್‌ನಲ್ಲಿ 2022ರ ಸೆಪ್ಟೆಂಬರ್‌ನಿಂದ ಕವರ್ ಮೇಲೆ ಗೇಮ್‌ನ ಹೆಸರು, ಉಪಶೀರ್ಷಿಕೆ ಬಿಟ್ಟು ಸುಮ್ನೆ ಬೇರೆ ಬರಹ ಹಾಕುವ ಹಾಗಿಲ್ಲ. ನಿನ್ನೆ ಅಕ್ಕ ನೋಡಿ ಫೋನ್ ಕವುಚಿ ಇಟ್ಟಳು.