ವಿಎಂ ಒಳಗೆ ನೆಟ್‌ವರ್ಕ್ ನಿಧಾನ: ಡ್ರೈವರ್ ಬದಲಿಸಿದವರು ಅನುಭವ ಹೇಳಿ

ಬದಿಯಡ್ಕ: ನಮ್ಮ ಸೊಸೈಟಿಯ ಅಡಿಕೆ ಬಿಲ್ಲಿಂಗ್ ಕೆವಿಎಂ (ಲಿನಕ್ಸಿನಲ್ಲಿ ವಿಎಂ, ಅಂದರೆ ಸಾಫ್ಟ್‌ವೇರಿನಲ್ಲೇ ಮಾಡಿದ ಕಂಪ್ಯೂಟರ್ ಓಡಿಸುವ ತಂತ್ರ) ಸರ್ವರಿನಲ್ಲಿದೆ. ವಿಂಡೋಸ್ ವಿಎಂ, ಅದಕ್ಕೆ ಇ1000 ಕಾರ್ಡ್ (ಹಳೇ ಇಂಟೆಲ್ ನೆಟ್‌ವರ್ಕ್ ಕಾರ್ಡಿನ ನಕಲು). ಎಲ್ಲಾ ಕೌಂಟರ್ ಒಟ್ಟಿಗೆ ಶುರುವಾದರೆ ಎಳೆಯುತ್ತದೆ. ವರ್ಟಿಯೋ (ವಿಎಂಗೆಂದೇ ಮಾಡಿದ ಕಾರ್ಡ್, ಡ್ರೈವರ್) ಸಾಕಾ, ಸರ್ವರಿನ ಕಾರ್ಡೇ ಬದಲಿಸಬೇಕಾ?

ಕುಂಬಳೆ ಭಟ್ಟ: ವರ್ಟಿಯೋ ಬಿಡಿ ಮಾರಾಯ್ರೆ. ನಾನು ಬೆಂಗಳೂರಿನ ಎಸ್‌ಪಿ ರೋಡಿನಿಂದ ಹಳೇ 10 ಜಿ (ಗಿಗಾಬಿಟ್) ಕಾರ್ಡ್ ತಂದು ಎಸ್‌ಆರ್-ಐಓವಿ ಮಾಡಿದವ, ಅಂದರೆ ಒಂದೇ ಕಾರ್ಡನ್ನು ಹಲವು ತುಂಡು (ವಿಎಫ್) ಮಾಡಿ ನೇರ ವಿಎಂಗಳಿಗೆ ಕೊಡುವುದು. ಕಾರ್ಡಿಗೆ 6500. ಕೇಬಲ್ ಸಿಕ್ಕಿಸುವ ಎಸ್‌ಎಫ್‌ಪಿ ಮಾಡ್ಯೂಲಿಗೆ 1800. ಹಾಕಿದರೆ ಡ್ರೈವರ್ ಒಪ್ಪಲೇ ಇಲ್ಲ, ಬೇರೆ ಕಂಪನಿಯದ್ದಂತೆ! 'ಅಲೌ ಅನ್‌ಸಪೋರ್ಟೆಡ್ ಎಸ್‌ಎಫ್‌ಪಿ' ಅಂತ ಆಪ್ಷನ್ ಕೊಟ್ಟ ಮೇಲೆ ಲಿಂಕ್ ಬಂತು. ಬಯೋಸಿನಲ್ಲಿ ವಿಟಿ-ಡಿ (ಕಾರ್ಡನ್ನು ನೇರ ವಿಎಂಗೆ ಕೊಡಲು ಬೇಕಾದ ಸೌಲಭ್ಯ) ಆಫ್ ಇತ್ತು, ಅದಕ್ಕೆ ಇನ್ನೊಂದು ರಾತ್ರಿ ಹೋಯಿತು. ಈಗ ಹೋಸ್ಟಿನ (ಅಸಲಿ ಸರ್ವರಿನ) ಸಿಪಿಯು ಆಕಳಿಸುತ್ತಾ ಕೂತಿದೆ.

ಹೊಸೂರು: ಭಟ್ರೇ, ಆ ಕಾರ್ಡ್ ನಾನೂ ತಂದಿದ್ದೆ. ವಿಎಫ್ ಕೊಟ್ಟ ವಿಎಂ ಲೈವ್ ಮೈಗ್ರೇಟ್ ಆಗಲಿಲ್ಲ, ಅಂದರೆ ಓಡುತ್ತಿರುವಾಗಲೇ ಬೇರೆ ಸರ್ವರಿಗೆ ಹೋಗಲಿಲ್ಲ. ಯುಪಿಎಸ್ ಬದಲಿಸುವಾಗ ಉಳಿದವೆಲ್ಲ ಪಕ್ಕದ ಸರ್ವರಿಗೆ ಹೋದವು, ಇದೊಂದನ್ನು ಶಟ್‌ಡೌನ್ ಮಾಡಬೇಕಾಯಿತು. ಓನರ್ ಹತ್ತಿರ ಬೈಗುಳ ಬೇರೆ. ಕಾರ್ಡ್ ಕಳಚಿಟ್ಟೆ. ಈಗ ವಿಹೋಸ್ಟ್-ನೆಟ್ (ವರ್ಟಿಯೋ ಕೆಲಸವನ್ನು ಹೋಸ್ಟ್ ಕರ್ನಲಿನಲ್ಲೇ ಮಾಡುವುದು), ಕ್ಯೂ (ಪ್ಯಾಕೆಟ್ ಸಾಲು) 4. ವಿಎಂನ ಲಿನಕ್ಸ್ ಹಳೆಯದು. ಇಥ್‌ಟೂಲ್‌ನಲ್ಲಿ (ಕಾರ್ಡ್ ಸೆಟ್ಟಿಂಗಿನ ಕಮಾಂಡ್) ಕಂಬೈಂಡ್ 4, ಅಂದರೆ ನಾಲ್ಕೂ ಕ್ಯೂ, ಅಂತ ಕೊಡುವವರೆಗೂ ಒಂದೇ ಕೋರ್ ಬೇಯುತ್ತಿತ್ತು. ಕ್ಲೈಂಟ್ ಜಾಸ್ತಿ ಇದ್ದರೆ ಲಾಭ. ರಾತ್ರಿಯ ಬ್ಯಾಕಪ್ ಮಾತ್ರ ಒಂದೇ ಕನೆಕ್ಷನ್, ಒಂದೇ ಕ್ಯೂ. ಅದು ಒಂದು ನಿಮಿಷವೂ ಬೇಗ ಮುಗಿಯಲಿಲ್ಲ.

ಕುಂಬಳೆ ಭಟ್ಟ: ಒಂದೇ ಸರ್ವರ್ ಇರುವವರಿಗೆ ಲೈವ್ ಮೈಗ್ರೇಷನ್ ಎಂತಕ್ಕೆ? ಎಲ್ಲಿಗೆ, ಅಡಿಕೆ ಗೋಡೌನಿಗಾ?

ಉಪ್ಪಳ: ನಾನು ಡಿಪಿಡಿಕೆ (ಕರ್ನಲ್ ಬಿಟ್ಟು ತಾನೇ ಸದಾ ಕಾರ್ಡ್ ನೋಡುತ್ತಿರುವ ಸಾಫ್ಟ್‌ವೇರ್) ಹಾಕಿ ಸಾಕಾದವ. ಪ್ಯಾಕೆಟ್ ಬರಲಿ ಬಿಡಲಿ, ಕೋರ್ 100%. ನಡುರಾತ್ರಿಯೂ ಫ್ಯಾನ್ ಕಿರುಚಾಟ. ಮಳೆಗಾಲದಲ್ಲಿ ಕರೆಂಟ್ ಹೋದರೆ ಇನ್ವರ್ಟರ್ ಅರ್ಧ ಗಂಟೆಗೇ ಕೈಕೊಡುತ್ತಿತ್ತು.

ಕುಂಬಳೆ ಭಟ್ಟ: ಅದು ಬ್ಯಾಟರಿ ದೋಷ. ಡಿಸ್ಟಿಲ್ಡ್ ನೀರು ಹಾಕ್ತೀರಿ ಅಲ್ವಾ?

ಉಪ್ಪಳ: ಬಾವಿ ನೀರು ಹಾಕುವವನ ಹಾಗೆ ಕಾಣ್ತೇನಾ?

ಸೊಲ್ಲಾಪುರ: ಬ್ಯಾಟರಿ ಜಗಳ ಆಮೇಲೆ ಮಾಡ್ರಿ. ನಮ್ಮಲ್ಲಿ ವಿಂಡೋಸ್ ವಿಎಂ ಇ1000ದಿಂದ ವರ್ಟಿಯೋಗೆ ಹೋದಾಗ ಹಳೇ ಐಪಿ ಕೊಟ್ಟರೆ 'ಬೇರೆ ಅಡಾಪ್ಟರಿಗೆ ಇದೆ' ಅಂತ ಹಟ ಹಿಡಿಯಿತು. ತೆಗೆದ ಇ1000 ಡಿವೈಸ್ ಮ್ಯಾನೇಜರಿನಲ್ಲಿ ಮರೆಯಾಗಿ ಕೂತಿತ್ತು. ಹಿಡನ್ ಡಿವೈಸ್ ತೋರಿಸಿ, ಅನ್‌ಇನ್‌ಸ್ಟಾಲ್ ಮಾಡಿದ ಮೇಲೆ ಸರಿಯಾಯಿತು. ಅಷ್ಟರಲ್ಲಿ ಕೌಂಟರಿನಲ್ಲಿ ಗಿರಾಕಿಗಳ ಸಾಲು ರಸ್ತೆಗೆ ಬಂದಿತ್ತು. ಕಾರ್ಡಿಗೆ ಒಂದು ರೂಪಾಯಿ ಕೂಡ ಹಾಕಿಲ್ಲ, ಈಗ ಯಾರದೂ ದೂರಿಲ್ಲ.

ಕುಂಬಳೆ ಭಟ್ಟ: 1 ಜಿ ಸ್ವಿಚ್ ಇಟ್ಟುಕೊಂಡವರಿಗೆ ದೂರು ಎಲ್ಲಿಂದ ಬರಬೇಕು! ಹೊಸೂರಿನವರೇ, ಕಳಚಿದ ಕಾರ್ಡ್ ಸುಮ್ನೆ ಬಿದ್ದಿದ್ದರೆ ರೇಟ್ ಹೇಳಿ.

ಹೊಸೂರು: ಗುಜರಿಗೆ ಹಾಕಿದರೂ ನಿಮಗೆ ಕೊಡುವುದಿಲ್ಲ.